ಒಂದು ಅಂಕದ ಪಾಠ

‘ಗಾಲ್ಗಿ ಸಂಕೀರ್ಣ’ ಎಂದರೆ ನನ್ನ ವಿದ್ಯಾರ್ಥಿಗಳಿಗೆ ಒಂದು ಅಂಕದ ಪ್ರಶ್ನೆ. ಆದರೆ ಅದರ ಕೆಲಸ ನೋಡಿ. ಮೂತ್ರಪಿಂಡ ಸೋತವರಲ್ಲಿ ರಕ್ತ ಕಡಿಮೆಯಾದಾಗ ಕೊಡುವ ಎರಿತ್ರೊಪೊಯೆಟಿನ್ ಎಂಬ ಪ್ರೋಟೀನನ್ನು, ಇಲಿಯಂಥ ಹ್ಯಾಮ್‌ಸ್ಟರ್ ಪ್ರಾಣಿಯ ಅಂಡಾಶಯದ ಜೀವಕೋಶಗಳನ್ನು ಬೆಳೆಸಿ ತಯಾರಿಸುತ್ತಾರೆ. ಆ ಪ್ರೋಟೀನಿಗೆ ಸಕ್ಕರೆಯ ಸರಪಳಿಗಳು ಅಂಟಿರುತ್ತವೆ. ಅವುಗಳ ತುದಿಗೆ ಸಿಯಾಲಿಕ್ ಆಮ್ಲ ಸೇರಿಸುವುದು ಈ ಗಾಲ್ಗಿಯೇ. ಆ ತುದಿ ಇಲ್ಲದಿದ್ದರೆ ಯಕೃತ್ತು ಔಷಧವನ್ನು ಬಲುಬೇಗ ರಕ್ತದಿಂದ ತೆಗೆದುಹಾಕುತ್ತದೆ.

ವಿಜ್ಞಾನಿಗಳು ಪ್ರೋಟೀನಿನ 5 ಅಮೈನೊ ಆಮ್ಲಗಳನ್ನು ಬದಲಿಸಿ, ಇನ್ನೂ 2 ಸರಪಳಿಗಳಿಗೆ ಜಾಗ ಮಾಡಿದರು. ಹೀಗೆ ಹುಟ್ಟಿ, 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾರ್ಬೆಪೊಯೆಟಿನ್ ರಕ್ತದಲ್ಲಿ ಸುಮಾರು 3 ಪಟ್ಟು ಕಾಲ ಉಳಿಯುತ್ತದೆ.

ವಾರಕ್ಕೆ ಮೂರು ದಿನ ಚುಚ್ಚುಮದ್ದಿಗೆಂದು ಪೇಟೆಯ ಬಸ್ಸು ಹಿಡಿಯುತ್ತಿದ್ದ ನಮ್ಮ ಭಾವನವರಿಗೆ ಈ ಔಷಧ ಬಂದಮೇಲೆ ವಾರಕ್ಕೊಂದೇ ಸಾಕಾಯಿತು. ಉಳಿದ ದಿನ ಅವರು ತೋಟದಲ್ಲಿರುತ್ತಿದ್ದರು.