ಅಮೆರಿಕದ ಲೈನು

ತೊಂಬತ್ತರ ದಶಕದಲ್ಲಿ ನಮ್ಮ ಭಾವ ಮಲ್ಲೇಶ್ವರದಲ್ಲಿ ಎಸ್‌ಟಿಡಿ–ಐಎಸ್‌ಡಿ ಬೂತ್ ಇಟ್ಟಿದ್ದರು. ಸಂಜೆ ಮೇಲೆ ಕೂರುವ ಪಾಳಿ ನನ್ನದು. ಟ್ರಂಕ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುವ ಕಾಲ ಹೋಗಿತ್ತು. ಸೊನ್ನೆ ಸೊನ್ನೆ ಒಂದು ಒತ್ತಿದರೆ ಅಮೆರಿಕ.

ನಿಮಿಷಕ್ಕೆ 60 ರೂಪಾಯಿ ಆಸುಪಾಸು. ಗಾಜಿನ ಗೂಡಿನೊಳಗೆ ಹೋದವರ ಕಣ್ಣೆಲ್ಲ ಮೀಟರಿನ ಕೆಂಪು ಅಂಕಿಗಳ ಮೇಲೇ. ಒಬ್ಬ ಅಜ್ಜಿ ಕೇಳಬೇಕಾದ್ದನ್ನೆಲ್ಲ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದು ತರೋರು. ಮಗನ ದನಿ ಕೇಳಿದ್ದೇ ತಡ, ಚೀಟಿ ಮರೆತು "ಊಟ ಆಯ್ತೇನೋ?" ಅನ್ನೋರು. ಅಲ್ಲಿ ಇನ್ನೂ ಬೆಳಗಾಗುತ್ತಿತ್ತು.

ತೊಂದರೆ ಕೊಡುತ್ತಿದ್ದದ್ದು ಉಪಗ್ರಹದ ಲೈನು. 1971ರಲ್ಲಿ ಪುಣೆ ಹತ್ತಿರದ ಆರ್ವಿಯಲ್ಲಿ ಭೂಕೇಂದ್ರ ಶುರುವಾಗುವವರೆಗೆ ಶಾರ್ಟ್‌ವೇವ್ ರೇಡಿಯೋವನ್ನೇ ನಂಬಿಕೊಂಡಿದ್ದ ದೇಶಕ್ಕೆ ಇದು ದೊಡ್ಡ ಭಾಗ್ಯ, ನಿಜ. ಆದರೆ 36,000 ಕಿ.ಮೀ. ಮೇಲೇರಿ ಇಳಿಯಲು ಮಾತಿಗೆ ಕಾಲು ಸೆಕೆಂಡು ಬೇಕು, ಉತ್ತರಕ್ಕೆ ಮತ್ತೊಂದು ಕಾಲು. ಅರ್ಧ ಸೆಕೆಂಡು ಏನು ಮಹಾ ಅನ್ನಬೇಡಿ. ಇಬ್ಬರೂ ಒಟ್ಟಿಗೆ ಮಾತಾಡೋರು, ಒಟ್ಟಿಗೆ ಸುಮ್ಮನಾಗೋರು, ಆಮೇಲೆ ಒಟ್ಟಿಗೇ "ಹಲೋ, ಹಲೋ". ಅದಕ್ಕೇ ಹತ್ತು ರೂಪಾಯಿ! "ಅಜ್ಜಿ, ಅವರು ಹೇಳಿ ಮುಗಿಸಲಿ, ಆಮೇಲೆ ನೀವು" ಅಂತ ಬಾಗಿಲು ತೆರೆದು ಹೇಳಿದರೆ, ಅವರು ನನಗೆ ಉತ್ತರ ಕೊಡುತ್ತಾ ನಿಲ್ಲೋರು. ಮೀಟರು ಓಡುತ್ತಲೇ ಇರೋದು.

ಐಟಿಐ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಮಾತ್ರ ಚಾಣಾಕ್ಷರು. 1994ರಲ್ಲಿ ಸೀ–ಮಿ–ವೀ 2, 1997ರಲ್ಲಿ ಫ್ಲ್ಯಾಗ್ ಅಂತ ಸಮುದ್ರದಡಿಯ ಗಾಜಿನೆಳೆ ಕೇಬಲ್‌ಗಳು ಮುಂಬೈ ಮುಟ್ಟಿದ ಮೇಲೆ ಕೆಲವು ಕರೆಗಳಲ್ಲಿ ಆ ತಡ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಇವರು ಮೊದಲ "ಹಲೋ"ಗೇ ಕಿವಿಗೊಟ್ಟು, "ಸ್ಯಾಟಲೈಟು" ಅಂತ ಗೊಣಗಿ ಇಟ್ಟುಬಿಡೋರು. ಮತ್ತೆ ಡಯಲ್ ಮಾಡಿ ಕೇಬಲ್ ಸಿಕ್ಕರೇ ಮುಂದಿನ ಮಾತು. 1870ರಲ್ಲೇ ಬಾಂಬೆಯಿಂದ ಲಂಡನ್ನಿಗೆ ಸಮುದ್ರದಡಿ ಟೆಲಿಗ್ರಾಫ್ ತಂತಿ ಇತ್ತು, ಆಕಾಶ ಸುತ್ತಿ ಮತ್ತೆ ನೀರಿಗೇ ಬಂದಿದ್ದೀವಿ ಅಂತ ಒಂದು ಉಪನ್ಯಾಸ ಬೇರೆ.

2002ರ ಏಪ್ರಿಲ್‌ನಲ್ಲಿ ವಿದೇಶಿ ಕರೆಗಳ ಮೇಲಿದ್ದ ವಿಎಸ್‌ಎನ್‌ಎಲ್ ಏಕಸ್ವಾಮ್ಯ ಹೋಯಿತು, ಇಂಟರ್‌ನೆಟ್ ಫೋನಿಗೂ ಅನುಮತಿ ಬಂತು. ಭಾವ ಗಾಜಿನ ಗೂಡು ಕಿತ್ತು ಕಂಪ್ಯೂಟರ್ ಹಾಕಿದರು. ಐಟಿಐ ಯಜಮಾನರು ಹೆಡ್‌ಫೋನ್ ಸಿಕ್ಕಿಸಿಕೊಂಡು ಕೇಳಿ, "ಇದರ ತಡ ಸ್ಯಾಟಲೈಟಿಗಿಂತ ಕಡೆ ಕಣಯ್ಯಾ" ಅಂತ ಬೈದರು. ಬೈದವರು ಮುಕ್ಕಾಲು ಗಂಟೆ ಏಳಲಿಲ್ಲ.