ಥಂಡಿ ಗಾಳಿ ಮತ್ತು ಮಗಳ ಇಸುಬು

ನಮ್ಮ ಜತ್ತ ತಾಲೂಕಿನ ಥಂಡಿ ಹವಾ ದೊಡ್ಡವರಿಗೇ ತುಟಿ ಒಡೆಸುವಂಥದ್ದು. ನನ್ನ ಮಗಳಿಗೆ 2ನೇ ವರ್ಷದಿಂದ ಇಸುಬು. ದೀಪಾವಳಿ ಮುಗಿದು ಒಣ ಗಾಳಿ ಬಿಟ್ಟಿತೆಂದರೆ ಮೊಣಕೈ ಮಡಿಕೆ, ಮೊಣಕಾಲ ಹಿಂದೆ ಕೆಂಪಾಗಿ, ರಾತ್ರಿಯೆಲ್ಲ ಕೆರಕೊಂಡು ಹಾಸಿಗೆಗೆ ರಕ್ತ ಹತ್ತುತ್ತಿತ್ತು. ಇಂಥ ಮಕ್ಕಳ ಚರ್ಮ ನೀರಿನ ಪಸೆ ಹಿಡಿದಿಡೂದಿಲ್ಲ. ಒಣ ಹವಾ ಇದ್ದಷ್ಟನ್ನೂ ಎಳಕೊಳ್ಳುತ್ತದೆ. ಮಳೆಗಾಲ ಹಿಡಿದ ಮ್ಯಾಲೆ ಆಕಿ ನೆಟ್ಟಗೆ ನಿದ್ದಿ ಮಾಡ್ತಿದ್ದಳು. ಹಂಗಂತ ಎಲ್ಲ ಮಕ್ಕಳಿಗೂ ಒಂದೇ ಲೆಕ್ಕ ಅಲ್ಲ, ಕೆಲವರಿಗೆ ಏಪ್ರಿಲ್ ತಿಂಗಳ ಬೆವರೇ ವೈರಿ.

ಥಂಡಿಯೊಳಗೆ ಸುಡು ನೀರು ಬಿಟ್ಟು ಉಗುರುಬೆಚ್ಚಗಿನ ನೀರಿನಲ್ಲಿ ಲಗೂನ ಜಳಕ, ಮೈ ಹಸಿ ಇರುವಾಗಲೇ ವ್ಯಾಸಲಿನ್, ಉಣ್ಣೆ ಸ್ವೆಟರಿನ ಒಳಗೆ ಕಾಟನ್ ಅಂಗಿ. ಕೀವು ಕಂಡರೆ ಡಾಕ್ಟರ ಕಡೆ. (ನಮ್ಮವ್ವನಿಗೆ ಇಂದಿಗೂ ಬದನಿಕಾಯಿ ಮ್ಯಾಲೇ ಸಂಶಯ!)

ಕೆರೆತಕ್ಕಿಂತ ಆಕಿಗೆ ಹೆಚ್ಚು ನೋಯಿಸಿದ್ದು ಬೇರೆ. 1ನೇ ಇಯತ್ತೆಯಲ್ಲಿ ಹುಡುಗರು ಆಕಿ ಮಗ್ಗಲಕ್ಕೆ ಕೂಡಲಿಲ್ಲ. ಮಧ್ಯಾಹ್ನದ ಊಟಕ್ಕೂ ಒಬ್ಬಳೇ. ಇಸುಬು ಒಬ್ಬರಿಂದ ಒಬ್ಬರಿಗೆ ಹತ್ತುವ ರೋಗವಲ್ಲ. ಗುರುಗಳೇ, ಡಿಸೆಂಬರದಾಗ ಇಂಥ ಮಗು ಕೆರಕೋತ ಕುಂತರ ಬೈಬ್ಯಾಡ್ರಿ, ಬ್ಯಾರೆ ಕೂಡಿಸಬ್ಯಾಡ್ರಿ. ದಫ್ತರದಾಗ ವ್ಯಾಸಲಿನ್ ಡಬ್ಬಿ ಇದ್ದರ, ಹಚ್ಚಿಕೊಳ್ಳಾಕ ಎರಡು ನಿಮಿಷ ಬಿಡ್ರಿ.