ಆಟದ ಬೈಲಿನ ಶಿಸ್ತು

ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳುಹಿಸಬೇಕೆಂದು ಅಪ್ಪಣೆಯಾದಾಗ, ಪರೀಕ್ಷೆ-ಬಹುಮಾನಗಳ ವಿಷಯವನ್ನು ಬರೆಯುವವರು ಬೇಕಾದಷ್ಟು ಮಂದಿ ಇರುವರೆಂದು ತಿಳಿದು, ನಾವು ಆಟದ ಬೈಲಿನ ವಿಷಯವನ್ನೇ ಆರಿಸಿಕೊಂಡೆವು. ಹೆಣ್ಣುಮಕ್ಕಳ ಶಾಲೆಯಲ್ಲಿ ಫುಟ್‌ಬಾಲ್ ತಂಡವಿತ್ತೆಂದರೆ ಈಗಿನ ಪಾಲಕರಿಗೆ ಆಶ್ಚರ್ಯವಾಗಲಿಕ್ಕಿಲ್ಲ. 1987ರಲ್ಲಿ ನಮ್ಮ ತಾಯಿತಂದೆಗಳಿಗೆ ಆಶ್ಚರ್ಯವೂ ಆಯಿತು, ಅಸಮಾಧಾನವೂ ಆಯಿತು.

ತಂಡದಲ್ಲಿದ್ದ ನಾವು ಒಂದೇ ಊರಿನವರಲ್ಲ. ದಾಂಡೇಲಿಯು ಆಗ ಹಳಿಯಾಳ ತಾಲೂಕಿಗೇ ಸೇರಿತ್ತು; ಅಲ್ಲಿಯ ಹುಡುಗಿಯರು ಕಾಗದದ ಕಾರಖಾನೆಯ ಭೋಂಗಾ ಕೇಳಿಯೇ ಏಳುತ್ತಿದ್ದವರು, ಹೊತ್ತಿನ ಲೆಕ್ಕವು ಅವರಿಗೆ ಹುಟ್ಟುಗುಣದಂತೆ ಇತ್ತು. ಹಳಿಯಾಳದವರು ಗರಡಿಯ ಸಮೀಪದಲ್ಲಿ ಬೆಳೆದವರಾದ್ದರಿಂದ ಬೆಳಗಿನ ಸಾಮುವೆಂದರೇನೆಂಬುದು ಅವರಿಗೆ ಗೊತ್ತಿತ್ತು. ಆದರೆ ಅದು ಅಣ್ಣತಮ್ಮಂದಿರ ಕೆಲಸವೆಂದೇ ಎಣಿಸಿದ್ದರು. ಮುಂಡಗೋಡದವರು 1966ರಿಂದ ಅಲ್ಲಿ ನೆಲೆಸಿದ ಟಿಬೇಟಿ ಜನರ ಹುಡುಗರು ಚೆಂಡನ್ನು ಒದೆಯುವದನ್ನು ಬೇಲಿಯ ಹೊರಗೆ ನಿಂತು ನೋಡಿದ್ದರು. ಜೋಯಿಡಾದ ಕಾಡಿನ ಹಳ್ಳಿಗಳಿಂದ ಬಂದವರಿಗಾದರೋ ಗಡಿಯಾರವೂ ಇಲ್ಲ, ಭೋಂಗಾವೂ ಇಲ್ಲ; ಬಸ್ಸು ಬಂದಾಗಲೇ ಹೊತ್ತು. ಇಂಥ ನಾಲ್ಕು ಬಗೆಯವರನ್ನು ಒಂದೇ ಸೀಟಿಗೆ ಓಡುವಂತೆ ಮಾಡುವದು ಸುಲಭದ ಕೆಲಸವಾಗಿರಲಿಲ್ಲ.

ನಮಗೆ ಆಟ ಕಲಿಸಿದ ಅಕ್ಕೋರು ಹತ್ತು ದಿವಸಗಳ ವರೆಗೆ ಚೆಂಡನ್ನೇ ತೋರಿಸಲಿಲ್ಲ. ಜಡೆಯನ್ನು ಎತ್ತಿ ಕಟ್ಟಬೇಕು, ಉಗುರು ಕತ್ತರಿಸಿರಬೇಕು, ಬೈಲಿನ ಸುತ್ತ ಐದು ಸುತ್ತು ಓಡಿ ಸಾಲಾಗಿ ನಿಲ್ಲಬೇಕು. ತಡವಾಗಿ ಬಂದವಳು ಆ ದಿವಸ ಚೆಂಡನ್ನು ಮುಟ್ಟಕೂಡದು. ಚೆಂಡು ಸಿಕ್ಕ ಮೇಲೆಯೂ ಒಬ್ಬಳೇ ಅದನ್ನು ಒಯ್ಯಬಾರದು, ಒಂದೇ ಸಾರೆ ಮುಟ್ಟಿ ಮತ್ತೊಬ್ಬಳಿಗೆ ಕೊಡಬೇಕು. ಇದು ಅವರ ಸ್ವಂತ ಯುಕ್ತಿಯೆಂದು ನಾವು ತಿಳಿದಿದ್ದೆವು. ಅವರೇ ಒಂದು ದಿನ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರ ಹೆಸರನ್ನು ಹೇಳಿದರು.

ರಹೀಮರು ಶಾಲಾ ಉಪಾಧ್ಯಾಯರು. ಕಾಲೇಜಿನ ದಿನಗಳಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರು. 1950ರಿಂದ ಹೈದರಾಬಾದ್ ಪೋಲೀಸ್ ತಂಡವನ್ನು ತರಬೇತು ಮಾಡಿದರು. ಆ ತಂಡವು 1950ರಿಂದ 1954ರ ವರೆಗೆ ಐದು ವರ್ಷ ಒಂದೇ ಸಮನೆ ರೋವರ್ಸ್ ಕಪ್ಪನ್ನು ಗೆದ್ದಿತು. ಚೆಂಡನ್ನು ತಾನೇ ಇಟ್ಟುಕೊಂಡು ಕುಣಿಸುವದನ್ನು ನಿಷೇಧಿಸಿದ ಪಂದ್ಯಗಳನ್ನೂ ಅವರು ಏರ್ಪಡಿಸುತ್ತಿದ್ದರು. ಅವರ ಕೈಕೆಳಗೆ ಭಾರತದ ತಂಡವು 1951ರಲ್ಲಿ ಏಶಿಯನ್ ಕ್ರೀಡೆಗಳ ಚಿನ್ನವನ್ನೂ, 1956ರ ಮೆಲ್ಬರ್ನ್ ಓಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನವನ್ನೂ ಪಡೆಯಿತು. 1962ರಲ್ಲಿ ಜಕಾರ್ತಾದಲ್ಲಿ ಮೊದಲ ಪಂದ್ಯವನ್ನೇ ದಕ್ಷಿಣ ಕೊರಿಯಕ್ಕೆ ಸೋತ ತಂಡವು ಕಡೆಯ ಪಂದ್ಯದಲ್ಲಿ ಅದೇ ಕೊರಿಯವನ್ನು 2-1ರಿಂದ ಸೋಲಿಸಿತು. ಹಿಂದೆ ನಿಂತು ಕಾಯುವ ಜರ್ನೈಲ್ ಸಿಂಗನು ತಲೆಗೆ ಪೆಟ್ಟು ಬಿದ್ದಿದ್ದರೂ, ಹೇಳಿದಂತೆ ಮುಂದಿನ ಸಾಲಿನಲ್ಲಿ ಆಡಿ ಆ ಪಂದ್ಯದಲ್ಲಿ ಗೋಲು ಹೊಡೆದನು. ರಹೀಮರಿಗೆ ಆಗಲೇ ಅರ್ಬುದ ರೋಗವಿತ್ತು; 1963ರ ಜೂನಿನಲ್ಲಿ ತೀರಿಕೊಂಡರು. ಈ ಕಥೆಯನ್ನು ಅಕ್ಕೋರು ಹೇಳಿದ್ದು ಒಂದೇ ಸಾರೆ. ಎರಡನೆಯ ಸಾರೆ ಕೇಳಿದಾಗ, ಐದು ಸುತ್ತು ಓಡಿ ಬನ್ನಿರೆಂದರು.

ಎಲ್ಲರಿಗೂ ಈ ಕಟ್ಟುನಿಟ್ಟು ಒಗ್ಗಲಿಲ್ಲವೆಂಬುದನ್ನೂ ಹೇಳಬೇಕು. ಚೆನ್ನಾಗಿ ಆಡುತ್ತಿದ್ದ ದಾಂಡೇಲಿಯ ಒಬ್ಬ ಗೆಳತಿ, ಆಟವೆಂದರೆ ನಗುವದಕ್ಕೆ ಅಲ್ಲವೇ ಎಂದು ಹೇಳಿ ಬಿಟ್ಟುಹೋದಳು. ಅವಳು ಹೇಳಿದ್ದು ಸುಳ್ಳೆಂದು ನಮಗೆ ಇಂದಿಗೂ ತೋರುವದಿಲ್ಲ.

ಆದರೆ ಶಿಸ್ತಿನ ನಿಜವಾದ ಬಗೆಯನ್ನು ನಾವು ಕಂಡದ್ದು ಬೇರೊಂದು ಸಂಗತಿಯಲ್ಲಿ. ಜೋಯಿಡಾದ ಕಡೆಯ ಸಿದ್ದಿ ಹುಡುಗಿಯೊಬ್ಬಳು ನಮ್ಮ ಬೋರ್ಡಿಂಗಿನಲ್ಲಿದ್ದಳು. ಓಟದಲ್ಲಿ ಅವಳ ಬಳಿಗೆ ಬರುವವರೇ ಇಲ್ಲ. ಶನಿವಾರ ಊರಿಗೆ ಹೋದವಳು ಸೋಮವಾರ ಬೆಳಗಿನ ಅಭ್ಯಾಸಕ್ಕೆ ಯಾವಾಗಲೂ ತಡ. ನಿಯಮದ ಪ್ರಕಾರ ಮೂರು ಸೋಮವಾರ ಚೆಂಡು ಮುಟ್ಟದೆ ಗೋಡೆಗೆ ಒರಗಿ ನಿಂತಳು. ಕಾರಣವನ್ನು ಮಾತ್ರ ಹೇಳಲಿಲ್ಲ. ನಾಲ್ಕನೆಯ ಶನಿವಾರ ಅಕ್ಕೋರು ಅವಳ ಸಂಗಡ ತಾವೂ ಬಸ್ಸು ಹತ್ತಿದರು. ಡಾಂಬರು ರಸ್ತೆ ಮುಗಿದಲ್ಲಿ ಇಳಿದು, ಕಾಡಿನೊಳಗೆ ನಡೆದು ಅವಳ ಮನೆಗೆ ಮುಟ್ಟಿದರು. ಸೋಮವಾರ ಅವಳೊಡನೆಯೇ ಮೊದಲ ಬಸ್ಸಿಗೆ ಹೊರಟು, ಅವಳಷ್ಟೇ ತಡವಾಗಿ ಬಂದು ಮುಟ್ಟಿದರು. ಆ ದಿವಸ ಅವರೂ ಚೆಂಡನ್ನು ಮುಟ್ಟಲಿಲ್ಲ. ಮಾರನೆಯ ದಿನ ಫಲಕದ ಮೇಲೆ, ಸೋಮವಾರದ ಅಭ್ಯಾಸವು ಇನ್ನು ಮುಂದೆ ಸಂಜೆ ನಾಲ್ಕೂವರೆಗೆ ಎಂದು ಬರೆದಿತ್ತು. ತಡವಾದವರ ನಿಯಮವನ್ನು ಕೂದಲೆಳೆಯಷ್ಟೂ ಸಡಿಲಿಸಲಿಲ್ಲ, ಹೊತ್ತನ್ನು ಬದಲಿಸಿದರು. ಆ ಹುಡುಗಿ ಆಮೇಲೆ ಒಂದು ದಿನವೂ ತಪ್ಪಲಿಲ್ಲ.

ಅಕ್ಕೋರು ತಮ್ಮ ಮನೆಯ ಜಗುಲಿಯ ಮೇಲೆ ಕುಳಿತು ಗಂಜಿ ಉಂಡುಹೋದದ್ದನ್ನು ಅವಳ ತಂದೆ ಊರೆಲ್ಲ ಹೇಳಿದನಂತೆ. ಮುಂದೆ ಧಾರವಾಡಕ್ಕೆ ಪಂದ್ಯಕ್ಕೆ ಹೋಗುವಾಗ ಮೊದಲು ಒಪ್ಪಿಗೆ ಕೊಟ್ಟವನು ಅವನೇ. ಪಾಲಕರಿಗೆ ಬೇಕಾಗಿದ್ದದ್ದು ಗೆಲವಲ್ಲ, ಮಗಳು ಯಾವ ಹೊತ್ತಿಗೆ ಎಲ್ಲಿರುವಳೆಂಬ ಖಾತ್ರಿ. ಧಾರವಾಡದಲ್ಲಿ ನಾವು ಸೋತೆವು. ಆ ಮಾತನ್ನು ಬೆಳೆಸುವ ಕಾರಣವಿಲ್ಲ.

ಅದೇ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡದೊಂದು ಪ್ರಯತ್ನವು ನಡೆದಿತ್ತು. ಪೋರ್ತುಗೀಜರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ತರಲ್ಪಟ್ಟವರ ಸಂತತಿಯವರಾದ ಸಿದ್ದಿಗಳು ಹಳಿಯಾಳ, ಜೋಯಿಡಾ, ಮುಂಡಗೋಡ, ಯಲ್ಲಾಪುರಗಳ ಕಾಡಂಚಿನಲ್ಲಿ ಇರುವರಷ್ಟೆ. ಭಾರತೀಯ ಕ್ರೀಡಾ ಪ್ರಾಧಿಕಾರವು 1980ರ ದಶಕದಲ್ಲಿ ವಿಶೇಷ ಪ್ರದೇಶ ಕ್ರೀಡಾ ಯೋಜನೆಯ ಮೂಲಕ ಅವರ ಮಕ್ಕಳನ್ನು ಆರಿಸಿ, ದೂರದ ಕೇಂದ್ರಗಳಲ್ಲಿ ಇರಿಸಿ ಓಟ ಮೊದಲಾದವುಗಳನ್ನು ಕಲಿಸಿತು. ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡಕರ ಮೊದಲಾದವರು ಹೀಗೆಯೇ ಮುಂದೆ ಬಂದರು. ಬೆಳಗಿನ ಓಟ, ಹೊತ್ತಿಗೆ ಸರಿಯಾದ ಊಟ, ಮೇಲೊಬ್ಬ ಶಿಕ್ಷಕನ ಕಣ್ಣು — ಇವುಗಳಿಂದ ಕೆಲವೇ ವರ್ಷಗಳಲ್ಲಿ ಏನಾಗಬಹುದೆಂಬುದನ್ನು ಲೋಕವು ಕಂಡಿತು. 1993ರಲ್ಲಿ ಸಿದ್ದಿಗಳ ಪಾಲಿಗೆ ಆ ಯೋಜನೆಯು ನಿಂತುಹೋಯಿತು. ಕೆಲವರಿಗೆ ನೌಕರಿ ದೊರೆಯಿತು. ಉಳಿದವರು ಊರಿಗೆ ಮರಳಿ ಹೊಲದ ಕೆಲಸಕ್ಕೂ ಕೂಲಿಗೂ ಹೋದರು. ಅವರ ಶಿಸ್ತಿಗೆ ಏನೂ ಕುಂದು ಬಂದಿರಲಿಲ್ಲ. ಕಲಿಸುವವರ ಕಡೆಯ ಶಿಸ್ತೇ ನಿಂತಿತ್ತು.

ನಮ್ಮ ಸಣ್ಣ ತಂಡದ ಗತಿಯೂ ಹಾಗೆಯೇ ಆಯಿತು. ಅಕ್ಕೋರು ಬೇರೆ ಊರಿಗೆ ಹೋದ ವರ್ಷವೇ ಚೆಂಡು ಕಪಾಟು ಸೇರಿತು. ನಾವು ಮಾತ್ರ ಎಲ್ಲೆಲ್ಲಿಯೋ ಸಂಸಾರ ಹೂಡಿ, ಇಂದಿಗೂ ಬಸ್ಸಿಗಿಂತ ಕಾಲುಗಂಟೆ ಮೊದಲು ನಿಲ್ದಾಣದಲ್ಲಿ ನಿಂತು ಮನೆಯವರಿಂದ ನಗಿಸಿಕೊಳ್ಳುತ್ತೇವೆ.

ಕಾಲವು ಬದಲಾಗಿಲ್ಲವೆನ್ನಲಾಗದು. ಹಳಿಯಾಳದಲ್ಲಿ ಸರಕಾರದ ಕ್ರೀಡಾ ವಸತಿ ನಿಲಯದಲ್ಲಿ ಕುಸ್ತಿಯನ್ನು ಕಲಿಸುತ್ತಾರೆ. ಅಣ್ಣಂದಿರ ಕೆಲಸವೆನಿಸಿದ್ದ ಆ ವಿದ್ಯೆಯಲ್ಲಿ ಈ ಸೀಮೆಯ ಹೆಣ್ಣುಮಕ್ಕಳು, ಸಿದ್ದಿ ಹುಡುಗಿಯರು ಸಹ, ರಾಷ್ಟ್ರಮಟ್ಟದ ವರೆಗೆ ಹೋಗಿದ್ದಾರೆ. ಅಲ್ಲಿ ಒಬ್ಬ ಶಿಕ್ಷಕರು ಹೋದರೂ ನಿಲಯವು ಉಳಿಯುವದೆಂಬುದೇ ನಮಗೆ ಎಲ್ಲಕ್ಕಿಂತ ಹೆಚ್ಚಿನ ಮಾತಾಗಿ ಕಾಣುವದು.

ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಕೂಡಿ ಶಾಲೆಯ ತಂಡವನ್ನು ಮತ್ತೆ ಕಟ್ಟಿಸಬೇಕೆಂದು ಮಾತಾಡುತ್ತಿದ್ದಾರೆ. ಚೆಂಡುಗಳಿಗೂ ಬೂಟುಗಳಿಗೂ ಹಣ ಕೂಡಿಸುವದು ಕಷ್ಟವಲ್ಲ. ಕಲಿಸುವದಕ್ಕೆ ಒಬ್ಬರನ್ನಲ್ಲ, ಇಬ್ಬರನ್ನು ನೇಮಿಸಬೇಕೆಂಬುದು ನಮ್ಮ ಬಿನ್ನಹ; ಬರುವವರು ಬೈಲನ್ನು ನೋಡುವದಕ್ಕಿಂತ ಮೊದಲು ಜೋಯಿಡಾದ ಬಸ್ಸು ಎಷ್ಟು ಗಂಟೆಗೆಂದು ಕೇಳಿಕೊಳ್ಳಲಿ.